ಸ್ಕೇಲಿನ ಕೆಳಗಿಂದ ನುಸುಳಿದ ಬೆಳಕು

ಹೋದ ಭಾನುವಾರ ಬೆಳಗ್ಗೆ ಕೆರೆಯಲ್ಲಿ ನನ್ನ ರಿಮೋಟ್ ಬೋಟ್ ನೆಟ್ಟಗೆ ಓಡಿತು. ಪೂರ್ತಿ ಥ್ರಾಟಲ್, ಏರಿಯ ಈ ತುದಿಯಿಂದ ತೂಬಿನವರೆಗೆ, ಒಂದು ಸಲವೂ ಎಡಕ್ಕೆ ಬಲಕ್ಕೆ ವಾಲಲಿಲ್ಲ. ದಡಕ್ಕೆ ತಂದು ಜಿಪಿಎಸ್ ತೆಗೆದು ನೋಡಿದರೆ ಗಂಟೆಗೆ 72 ಕಿ.ಮೀ.! ಐದು ತಿಂಗಳಿಂದ ಇದೊಂದು ಓಟಕ್ಕೆ ಕಾದಿದ್ದೆ. ಬೋಟನ್ನು ತೊಡೆ ಮೇಲಿಟ್ಟುಕೊಂಡು ಏರಿಯ ಕಲ್ಲಿನ ಮೇಲೆ ಸುಮ್ನೆ ಕೂತುಬಿಟ್ಟೆ. ಮೋಟರ್ ಇನ್ನೂ ಬೆಚ್ಚಗಿತ್ತು.

ಸೆಟಪ್ ಹಳೆಯದೇ. 740 ಮಿ.ಮೀ. ಫೈಬರ್‌ಗ್ಲಾಸ್ ಡೀಪ್ ವಿ ಹಲ್ (ತಳ ಇಂಗ್ಲಿಷ್ ವಿ ಆಕಾರದ ಒಡಲು), 3660 ಅಳತೆಯ ಮೋಟರ್, 1900 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು), 4ಎಸ್ ಅಂದರೆ ನಾಲ್ಕು ಸೆಲ್ಲಿನ ಬ್ಯಾಟರಿ, ಪ್ರೊಪೆಲ್ಲರ್ (ಪ್ರಾಪ್) ತಿರುಗಿಸಲು 4 ಮಿ.ಮೀ. ಫ್ಲೆಕ್ಸ್ ಶಾಫ್ಟ್, ಅಂದರೆ ತಂತಿ ಹುರಿಯ ಬಾಗುವ ದಂಡ. ಜೋಡಿಸಿದ ಕತೆ ಇಲ್ಲಿ ಬೇಡ. ಈ ಸಲ ಬರೆಯುವುದು ಚೈನ್ ವಾಕಿಂಗ್ ಬಗ್ಗೆ ಮಾತ್ರ, ಅಂದರೆ ವೇಗ ಏರಿದಾಗ ಬೋಟ್ ಎಡಕ್ಕೆ ಬಲಕ್ಕೆ ಓಲಾಡುವುದು. ಐದು ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಅದೇ.

55ರವರೆಗೆ ಬೋಟ್ ಬೆಣ್ಣೆಯ ಹಾಗೆ ಜಾರುತ್ತಿತ್ತು. 58 ದಾಟಿತೋ, ಶುರು. ಒಂದು ಕಡೆಗೆ ಸಣ್ಣಗೆ ವಾಲುತ್ತಿತ್ತು, ಆಮೇಲೆ ಇನ್ನೊಂದು ಕಡೆಗೆ ಸ್ವಲ್ಪ ಜಾಸ್ತಿ, ಮತ್ತೆ ಈ ಕಡೆಗೆ ಇನ್ನೂ ಜಾಸ್ತಿ. ನಾಲ್ಕನೇ ಸಲಕ್ಕೆ ಮಗುಚಿಯೇ ಬೀಳುತ್ತಿತ್ತು. ಪಕ್ಕದ ಫ್ಲಡ್ ಚೇಂಬರ್‌ಗೆ ನೀರು ತುಂಬಿ ತಾನೇ ಎದ್ದು ನಿಲ್ಲುತ್ತಿತ್ತು ಅನ್ನುವುದೊಂದೇ ಸಮಾಧಾನ. ಎರಡು ಸಲ ಅದೂ ಆಗದೆ, ತೆಪ್ಪದಲ್ಲಿ ಬಲೆ ಬಿಡುವ ಅಣ್ಣನೊಬ್ಬರು ಹೋಗಿ ಎತ್ತಿಕೊಂಡು ಬಂದರು.

ಮೊದಲು ಅನುಮಾನ ಬಂದದ್ದು ಸಿಜಿ, ಅಂದರೆ ತೂಕದ ನಡುಬಿಂದುವಿನ ಮೇಲೆ. ಇಂಥ ಹಲ್‌ಗೆ ಹಿಂಬದಿಯಿಂದ ಉದ್ದದ ಶೇಕಡ 30 ಅಂತ ಎಲ್ಲರೂ ಶುರು ಮಾಡುತ್ತೇವೆ, ಅಂದರೆ ನನ್ನದಕ್ಕೆ 222 ಮಿ.ಮೀ. ಬ್ಯಾಟರಿಯನ್ನು ಮುಂದೆ ಸರಿಸಿ 250ಕ್ಕೆ ತಂದೆ. ಓಲಾಟ ನಿಂತಿತು. ಆದರೆ ಮೂತಿ ನೀರಿಗೆ ಅಂಟಿಕೊಂಡು ವೇಗವೇ 52ಕ್ಕೆ ಇಳಿಯಿತು. ಅಷ್ಟು ನಿಧಾನಕ್ಕೆ ಓಡಿದರೆ ಮೊದಲೂ ಓಲಾಡುತ್ತಿರಲಿಲ್ಲ ಅಲ್ವಾ? ತಿರುವಿನಲ್ಲಂತೂ ಮೂತಿ ನೀರಿಗೆ ಕಚ್ಚಿ ಹಿಂಬದಿ ಗಿರ್ರನೆ ತಿರುಗುತ್ತಿತ್ತು. ಹಿಂದಕ್ಕೆ 210ಕ್ಕೆ ತಂದರೆ ಮೂತಿ ಏಳುವುದು, ಬೀಳುವುದು, ಏಳುವುದು, ಬೀಳುವುದು. ಏರಿ ಮೇಲೆ ನೋಡಲು ಬರುವ ಮಕ್ಕಳು ಅವತ್ತೇ ಅದಕ್ಕೆ ‘ಕಪ್ಪೆ’ ಅಂತ ಹೆಸರಿಟ್ಟರು. ಮತ್ತೆ 222ಕ್ಕೇ ಬಂದೆ.

ಆಮೇಲೆ ಟಾರ್ಕ್, ಅಂದರೆ ಪ್ರಾಪ್ ಸುತ್ತುವಾಗಿನ ತಿರುಚು ಬಲ. ನನ್ನ ಪ್ರಾಪ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಪ್ರತಿಯಾಗಿ ಹಲ್ ಬಲಗಡೆಗೆ ಒತ್ತಿಕೊಳ್ಳಬೇಕು. ಸರಿ, ಬ್ಯಾಟರಿಯನ್ನು 6 ಮಿ.ಮೀ. ಎಡಕ್ಕೆ ಸರಿಸಿದೆ. ಓಲಾಟ ಕಡಿಮೆಯಾಗುವುದು ಬಿಟ್ಟು 54ಕ್ಕೇ ಶುರುವಾಯಿತು. ಅವತ್ತು ಗಾಳಿ ಇತ್ತು, ಅದಕ್ಕೇ ಇರಬೇಕು ಅಂದುಕೊಂಡು ನೋಟ್‌ಬುಕ್ಕಿನಲ್ಲಿ ‘ಗಾಳಿ’ ಅಂತ ಬರೆದು ಮುಂದೆ ಹೋದೆ. ಉತ್ತರ ಅದೇ ಸಾಲಿನಲ್ಲಿತ್ತು. ಮೂರು ತಿಂಗಳು ಆ ಪುಟ ತಿರುಗಿಸಿ ನೋಡಲಿಲ್ಲ.

ಸ್ಟ್ರಟ್ (ಹಿಂಬದಿಯಲ್ಲಿ ಶಾಫ್ಟನ್ನು ಹಿಡಿದಿಡುವ ತುಂಡು) ಜೊತೆ ಕಳೆದ ಬೆಳಗುಗಳಿಗೆ ಲೆಕ್ಕವಿಲ್ಲ. ಶಾಫ್ಟಿನ ನಡು ಕೀಲ್ (ತಳದ ನಡುಗೆರೆ) ಮಟ್ಟಕ್ಕೆ ಸರಿಯಾಗಿ ಇಟ್ಟು ಶುರು ಮಾಡಿ, ಒಂದೊಂದೇ ಮಿ.ಮೀ. ಇಳಿಸಿದೆ, ಏರಿಸಿದೆ. ಇಳಿಸಿದರೆ ಪ್ರಾಪ್ ಹಿಂಬದಿಯನ್ನು ಎತ್ತಿ ಮೂತಿ ಕೂರುತ್ತದೆ. ಜಾಸ್ತಿ ಏರಿಸಿದರೆ ಪ್ರಾಪ್‌ಗೆ ನೀರು ಸಿಗದೆ ಬರೀ ಚಿಮ್ಮಿಸುತ್ತದೆ. ಕೋನವನ್ನೂ ಬದಲಿಸಿದೆ. ಶಾಫ್ಟಿನ ಹಿಂತುದಿ ಅರ್ಧ ಡಿಗ್ರಿ ಕೆಳಗೆ ಹೋದರೂ ಸಾಕು, ಮೂತಿ ಕೆಳಗೆ ಕೂರುವುದು ಕಣ್ಣಿಗೆ ಕಾಣುತ್ತದೆ. ಇವೆಲ್ಲ ಮೂತಿಯನ್ನು ಏರಿಸಿ ಇಳಿಸಿದವೇ ಹೊರತು ಪಕ್ಕದ ಓಲಾಟವನ್ನು ಮುಟ್ಟಲಿಲ್ಲ.

ಪ್ರಾಪ್ ಬ್ಯಾಲೆನ್ಸ್ ಸರಿ ಇಲ್ಲವೇನೋ ಅಂತ ಹೊಸ ಆಕ್ಟ್ಯುರಾ ಎಕ್ಸ್442 ಪ್ರಾಪ್ ಆರ್ಡರ್ ಮಾಡಿದೆ. 42 ಮಿ.ಮೀ. ವ್ಯಾಸ, ಪಿಚ್ (ಒಂದು ಸುತ್ತಿಗೆ ಸಾಗುವ ದೂರ) ವ್ಯಾಸದ 1.4 ಪಟ್ಟು. ಇಲ್ಲಿ ನನ್ನ ಸಿಟ್ಟು ಸ್ವಲ್ಪ ಹೇಳಿಕೊಳ್ಳಲೇಬೇಕು. ಅಂಗಡಿಯವರು ಮೂರು ವಾರ ಕಾಯಿಸಿ ಕಳಿಸಿದ್ದು ಉಲ್ಟಾ ತಿರುಗುವ ಪ್ರಾಪ್. ಫೋನ್ ಮಾಡಿದರೆ ‘ಮೋಟರಿನ ಎರಡು ವೈರ್ ಅದಲು ಬದಲು ಮಾಡಿ ಸರ್, ಉಲ್ಟಾ ತಿರುಗುತ್ತೆ’ ಅನ್ನುತ್ತಾರೆ. ಮೋಟರ್ ತಿರುಗುತ್ತದೆ ನಿಜ. ಆದರೆ ಫ್ಲೆಕ್ಸ್ ಶಾಫ್ಟ್? ಅದರ ತಂತಿ ಒಂದೇ ದಿಕ್ಕಿಗೆ ಬಿಗಿಯಾಗುವ ಹಾಗೆ ಸುತ್ತಿರುತ್ತದೆ. ಉಲ್ಟಾ ತಿರುಗಿಸಿದರೆ ಹುರಿ ಬಿಚ್ಚಿಕೊಂಡು ಹಾಳಾಗುತ್ತದೆ. ಬೋಟಿನ ಸಾಮಾನು ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು ಅನ್ನುವುದು ನನ್ನ ಕಳಕಳಿ. ಹೊಸಬನೊಬ್ಬ ಆ ಮಾತು ನಂಬಿದರೆ ಶಾಫ್ಟಿನ ದುಡ್ಡು ನೀರಿಗೆ ಹೋಯಿತು ಅಂತಲೇ ಲೆಕ್ಕ. ಸರಿಯಾದ ಪ್ರಾಪ್ ಬರಲು ಇನ್ನೂ ಮೂರು ವಾರ. ಅಂಚು ಚೂಪು ಮಾಡಿ, ಬ್ಯಾಲೆನ್ಸ್ ಮಾಡಿ ಹಾಕಿದೆ. ಶಬ್ದ ನುಣ್ಣಗಾಯಿತು, ಮೋಟರ್ ಬಿಸಿ ಕಡಿಮೆಯಾಯಿತು. ಓಲಾಟ ಅಲ್ಲೇ ಇತ್ತು.

ಆ ದಿನವೇ ತೆಪ್ಪದ ಅಣ್ಣ ಮೂರನೇ ಸಲ ಬೋಟ್ ಎತ್ತಿಕೊಂಡು ಬಂದರು. ಕೈಗೆ ಕೊಡುತ್ತಾ ಅಂದರು: ‘ಇದು ಕುಂಟ್ತೈತಿ ನೋಡ್ರಿ ಸರ. ಯಾವಾಗ್ಲೂ ನನ್ನ ಬಲಕ್ಕೇ ಮೊದ್ಲು ಕುಸಿತೈತಿ, ಆಮೇಲೆ ಕುಣಿಯಾಕ್ ಹತ್ತೈತಿ.’

ನಾನು ಏರಿ ಮೇಲಿಂದ ಯಾವಾಗಲೂ ಬೋಟಿನ ಪಕ್ಕವನ್ನು ನೋಡುವವನು. ಅವರು ನೀರಿನ ಮಟ್ಟದಲ್ಲಿ ಕೂತು, ತಮ್ಮ ಕಡೆಗೇ ಬರುವ ಬೋಟನ್ನು ಎದುರಿನಿಂದ ನೋಡುವವರು. ಅವರ ಬಲ ಅಂದರೆ ಬೋಟಿನ ಎಡ. ಟಾರ್ಕ್ ಒತ್ತುವುದು ಬಲಕ್ಕೆ, ಇದು ಕುಸಿಯುವುದು ಎಡಕ್ಕೆ! ಹಾಗಾದರೆ ಟಾರ್ಕನ್ನೂ ಮೀರಿ ಬಲಗಡೆಯನ್ನು ಏನೋ ಮೇಲಕ್ಕೆ ಎತ್ತುತ್ತಿದೆ. ಬ್ಯಾಟರಿ ಎಡಕ್ಕೆ ಸರಿಸಿದಾಗ ಬೇಗ ಶುರುವಾದದ್ದೂ ಅದಕ್ಕೇ. ‘ಗಾಳಿ’ ಅಂತ ಬರೆದ ಪುಟ ನೆನಪಿಗೆ ಬಂತು.

ಮನೆಗೆ ಬಂದವನು ಸ್ನಾನಕ್ಕೂ ಹೋಗದೆ ಬೋಟನ್ನು ಮಗುಚಿ ಟೇಬಲ್ ಮೇಲೆ ಇಟ್ಟೆ. 30 ಸೆಂ.ಮೀ. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ತಳದ ಉದ್ದಕ್ಕೆ ಹಿಡಿದು, ಹಿಂದೆ ಮೊಬೈಲ್ ಟಾರ್ಚ್ ಇಟ್ಟೆ. ಎಡಗಡೆ ಕತ್ತಲೆ. ಸ್ಕೇಲ್ ಪೂರ್ತಿ ಅಂಟಿಕೊಂಡಿದೆ. ಬಲಗಡೆ ಇಟ್ಟೆ. ಟ್ರಾನ್ಸಮ್‌ನಿಂದ (ಹಿಂಬದಿಯ ಗೋಡೆ) ಮುಂದಕ್ಕೆ 12 ಸೆಂ.ಮೀ.ವರೆಗೆ ಕೂದಲಿನಂಥ ಒಂದು ಬೆಳಕಿನ ಗೆರೆ. ಎರಡು ತುದಿಗೆ ಸಣ್ಣ, ನಡುವೆ ದಪ್ಪ. ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್‌ಗೆ ಹಾಕುವ ಫೀಲರ್ ಗೇಜ್ ಇಸ್ಕೊಂಡು ಬಂದು ತೂರಿಸಿದೆ. 0.7 ಮಿ.ಮೀ. ಎಲೆ ಹೋಯಿತು, 0.8 ಹೋಗಲಿಲ್ಲ.

ಇದೇ ಹುಕ್. ತಳ ಒಳಕ್ಕೆ ಬಾಗಿ, ಕೊನೆಯ ಅಂಚು ನೀರನ್ನು ಕೆಳಕ್ಕೆ ತಳ್ಳುತ್ತದೆ. ನೀರು ಆ ಮೂಲೆಯನ್ನು ಮೇಲಕ್ಕೆ ತಳ್ಳುತ್ತದೆ. ಹಿಂಬದಿಯನ್ನು ಎತ್ತಲು ತಳದ ಅಂಚಿಗೆ ಹಾಕುವ ಟ್ರಿಮ್ ಟ್ಯಾಬ್ ಅನ್ನುವ ಪಟ್ಟಿ ಮಾಡುವ ಕೆಲಸವನ್ನೇ ಇದು ಒಂದೇ ಪಕ್ಕದಲ್ಲಿ, ಹೇಳದೆ ಕೇಳದೆ ಮಾಡುತ್ತಿತ್ತು. 55ರವರೆಗೆ ಯಾಕೆ ಗೊತ್ತಾಗಲಿಲ್ಲ ಅಂದರೆ, ಆಗ ಬೋಟಿನ ಅರ್ಧದಷ್ಟು ತಳ ನೀರಿನಲ್ಲಿರುತ್ತದೆ. ಉಳಿದ ಭಾಗ ಆಧಾರ ಕೊಟ್ಟು ಈ ದೋಷವನ್ನು ಮುಚ್ಚಿಹಾಕುತ್ತದೆ. ವೇಗ ಏರಿದಷ್ಟೂ ಬೋಟ್ ಮೇಲೇಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ನೀರಿಗೆ ತಾಗುವುದು ಹಿಂದಿನ ಒಂದು ಗೇಣು ಮಾತ್ರ, ಅದೂ ಕೀಲಿನ ಆಚೀಚೆ. ನನ್ನ ಬೋಟಿನ ಆ ಗೇಣಿನಲ್ಲೇ ಡೊಂಕು ಇತ್ತು. ಬಲಗಡೆ ಎದ್ದು, ಎಡಕ್ಕೆ ಬಿದ್ದು, ಎಡಗಡೆಯ ತಳ ತಾಗಿ ವಾಪಸ್ ಎಸೆದು, ಉಯ್ಯಾಲೆ ಹಾಗೆ ಜಾಸ್ತಿಯಾಗುತ್ತಾ ಹೋಗುತ್ತಿತ್ತು.

ಡೊಂಕು ಬಂದದ್ದು ಎಲ್ಲಿಂದ ಅನ್ನುವುದೂ ಅವತ್ತೇ ಸಿಕ್ಕಿತು. ಬೋಟ್ ಕೂರಿಸುವ ಸ್ಟ್ಯಾಂಡಿನ ಬಲಗಡೆಯ ಫೋಮ್ ಸವೆದು ಮರದ ಪಟ್ಟಿ ಹೊರಗೆ ಬಂದಿತ್ತು. ಬೇಸಿಗೆ ಪೂರ್ತಿ ಶೀಟಿನ ರೂಮಿನಲ್ಲಿ ಬ್ಯಾಟರಿ ಸಮೇತ ಅದರ ಮೇಲೆ ಕೂತಿತ್ತು. ನಮ್ಮ ದಾವಣಗೆರೆ ಏಪ್ರಿಲ್ ಬಿಸಿಲಿಗೆ ಆ ಶೀಟಿನ ಕೆಳಗೆ ನಿಲ್ಲಲಾಗುವುದಿಲ್ಲ, ಫೈಬರ್ ಏನು ಮಾಡೀತು? ಪಟ್ಟಿಯ ಗುರುತು ಸರಿಯಾಗಿ ಡೊಂಕಿನ ನಡುವೆಯೇ ಇದೆ. ಬ್ಯಾಟರಿಯನ್ನೂ ಬೋಟಿನಲ್ಲೇ ಬಿಡಬಾರದಿತ್ತು. ನಿಮ್ಮ ಸ್ಟ್ಯಾಂಡ್ ಇವತ್ತೇ ಒಮ್ಮೆ ನೋಡಿಕೊಳ್ಳಿ.

ರಿಪೇರಿಗೆ ಮೈಕ್ರೋಬಲೂನ್ (ಟೊಳ್ಳು ಮಣಿಗಳ ನುಣ್ಣನೆ ಪುಡಿ) ಕಲಸಿದ ಎಪಾಕ್ಸಿ ಅಂಟು. 120ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಒರೆಸಿ, ಟ್ರಾನ್ಸಮ್ ಅಂಚಿಗೆ ಸೆಲೋ ಟೇಪನ್ನು 3 ಮಿ.ಮೀ. ಎತ್ತರಕ್ಕೆ ಗೋಡೆ ಹಾಗೆ ನಿಲ್ಲಿಸಿ, ಸ್ವಲ್ಪ ಉಬ್ಬುವಷ್ಟು ತುಂಬಿದೆ. ಒಣಗಲು ಒಂದು ದಿನ.

ಆ ಒಂದು ದಿನದಲ್ಲಿ ಕೈ ಸುಮ್ಮನಿರಬೇಕಲ್ಲ. ಮುಂದಿನ ಬೋಟಿನ ಚಿತ್ರ ಬರೆಯಲು ಕೂತೆ: ಸ್ಪಿರಿಟ್ ಆಫ್ ಆಸ್ಟ್ರೇಲಿಯಾ, ಹತ್ತನೇ ಒಂದು ಅಳತೆಯಲ್ಲಿ. ಕೆನ್ ವಾರ್ಬಿ ತನ್ನ ಸಿಡ್ನಿ ಮನೆಯ ಹಿತ್ತಲಿನಲ್ಲಿ ಮರ, ಫೈಬರ್‌ಗ್ಲಾಸ್ ಸೇರಿಸಿ ಕಟ್ಟಿದ ಜೆಟ್ ಬೋಟ್. 1978ರ ಅಕ್ಟೋಬರ್ 8ರಂದು ಬ್ಲೋವರಿಂಗ್ ಅಣೆಕಟ್ಟಿನ ನೀರಿನಲ್ಲಿ ಗಂಟೆಗೆ 511 ಕಿ.ಮೀ. ಓಡಿಸಿದರು. ಹಿತ್ತಲಿನಲ್ಲಿ ಕಟ್ಟಿದ್ದು! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಅದಕ್ಕೂ ಮುಂಚೆ 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ವೇಗದ ದಾಖಲೆಗೆ ಹೊರಟಿದ್ದ ಡೊನಾಲ್ಡ್ ಕ್ಯಾಂಪ್ಬೆಲ್ ಅವರ ಬೋಟ್ ಬ್ಲೂಬರ್ಡ್ ಕೆ7 ಮೂತಿ ಎತ್ತಿ ಗಾಳಿಯಲ್ಲೇ ಪಲ್ಟಿ ಹೊಡೆದು ಅವರು ತೀರಿಹೋದರು. ಅಷ್ಟು ವೇಗದಲ್ಲಿ ತಳಕ್ಕಿಂತ ಮೂತಿಯ ಕೆಳಗೆ ಹೊಗುವ ಗಾಳಿಯನ್ನೇ ಹೆಚ್ಚು ನೋಡಿಕೊಳ್ಳಬೇಕು. ನನ್ನದಕ್ಕೆ ಜೆಟ್ ಬದಲು 70 ಮಿ.ಮೀ. ಡಕ್ಟೆಡ್ ಫ್ಯಾನ್ (ಕೊಳವೆಯೊಳಗಿನ ಫ್ಯಾನ್) ಸಾಕು ಅಂತ ಲೆಕ್ಕ ಹಾಕಿದ್ದೇನೆ. ಪ್ಲೈವುಡ್ ತಂದಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಮತ್ತೆ ಕಪ್ಪೆಗೆ ಬರೋಣ. ಉಜ್ಜಲು ಕೈಬೆರಳು, ಸ್ಪಾಂಜ್ ಎರಡೂ ಬೇಡ. ಕಿಟಕಿ ಅಂಗಡಿಯಲ್ಲಿ ಒಂದು ಅಡಿ ಅಲ್ಯೂಮಿನಿಯಂ ಚಾನಲ್ ತುಂಡು ಸಿಕ್ಕಿತು. ಅದಕ್ಕೆ ವೆಟ್ ಪೇಪರ್ ಅಂಟಿಸಿ, ಮುಂದಿನ ಸರಿಯಿರುವ ತಳದ ಆಧಾರದ ಮೇಲೆ ಎಳೆದೆ. 180, 320, ಕೊನೆಗೆ 600. ಪ್ರತಿ ಹತ್ತು ಎಳೆತಕ್ಕೆ ಒಮ್ಮೆ ಸ್ಕೇಲು, ಟಾರ್ಚು. ಬೆಳಕಿನ ಗೆರೆ ಎರಡು ತುಂಡಾಯಿತು, ಆಮೇಲೆ ಚುಕ್ಕಿಯಾಯಿತು, ಆಮೇಲೆ ಹೋಯಿತು. ಟೇಪ್ ಕಿತ್ತ ಕಡೆ ಟ್ರಾನ್ಸಮ್ ಅಂಚು ಚಾಕುವಿನಂತೆ ನಿಂತಿತ್ತು. ಉಗುರು ಎಳೆದರೆ ಸಣ್ಣಗೆ ಹೆರೆಯಬೇಕು, ಅಷ್ಟು ಚೂಪು. ಅಂಚು ದುಂಡಗಿದ್ದರೆ ನೀರು ಬಿಟ್ಟು ಹೋಗದೆ ಸುತ್ತಿಕೊಂಡು ಹಿಂಬದಿಯನ್ನು ಎಳೆಯುತ್ತದೆ. ಎಡಗಡೆಯ ಅಂಚನ್ನೂ ಹಾಗೇ ಮಾಡಿದೆ.

ಭಾನುವಾರ ಸಿಜಿ 222, ಸ್ಟ್ರಟ್ ನೇರ, ಬ್ಯಾಟರಿ ಎಡಕ್ಕೆ 4 ಮಿ.ಮೀ. ಟಾರ್ಕ್ ಲೆಕ್ಕ ಈಗ ಪುಸ್ತಕದಲ್ಲಿದ್ದಂತೆಯೇ ನಡೆಯುತ್ತಿದೆ. ಬಲ ತಿರುವು ಹಳಿ ಮೇಲೆ ಹೋದಂತೆ. ಎಡ ತಿರುವಿನಲ್ಲಿ ಇನ್ನೂ ಒಂದು ಸಣ್ಣ ನೆಗೆತ ಇದೆ, ಎಡಗಡೆಯ ಟರ್ನ್ ಫಿನ್ (ತಿರುವಿನಲ್ಲಿ ನೀರಿಗೆ ಹಿಡಿತ ಕೊಡುವ ರೆಕ್ಕೆ) ಅರ್ಧ ಡಿಗ್ರಿ ಹೊರಕ್ಕೆ ಬಾಗಿದೆ ಅಂತ ಕಾಣುತ್ತದೆ. ಭದ್ರಾ ಕಾಲುವೆಗೆ ನೀರು ಬಿಟ್ಟು ಕೆರೆ ಮಟ್ಟ ಏರಿದ ಮೇಲೆ ಅದನ್ನು ನೋಡುತ್ತೇನೆ, ಈಗ ಆ ಕಡೆಯ ಮೂಲೆಯಲ್ಲಿ ಬರೀ ಜೊಂಡು.

ತೆಪ್ಪದ ಅಣ್ಣನಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ಮಕ್ಕಳು ಹೊಸ ಹೆಸರು ಹುಡುಕುತ್ತಿದ್ದಾರೆ.