ಓವನ್ ಕೇಳಿಕೊಂಡು ಬಂದ ಹಬ್ಬ

ಅಮೆರಿಕದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಓವನ್ ಅಂದರೆ ಪಾತ್ರೆ ಇಡುವ ಬೀರು. ಬಾಣಲೆ, ದೋಸೆ ಕಾವಲಿ, ಇಡ್ಲಿ ಸ್ಟ್ಯಾಂಡು, ದೊಡ್ಡ ಕುಕ್ಕರಿನ ಮುಚ್ಚಳ, ಊರಿಂದ ಸೂಟ್‌ಕೇಸಿನಲ್ಲಿ ತಂದ ಒಬ್ಬಟ್ಟಿನ ಹೆಂಚು, ಎಲ್ಲಾ ಅದರೊಳಗೇ. ಮಕ್ಕಳು ಕೇಕ್ ಕೇಳಿದಾಗ ಮಾತ್ರ ಇವನ್ನೆಲ್ಲ ನೆಲದ ಮೇಲೆ ಹರಡುತ್ತೇವೆ. ಆಮೇಲೆ ಮತ್ತೆ ಒಳಗೆ ತುರುಕುತ್ತೇವೆ. ಹಾಗಾಗಿ ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್, ಅಂದರೆ ಇಲ್ಲಿನವರ ಕೃತಜ್ಞತೆಯ ಹಬ್ಬದ ದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು "ನಿಮ್ಮ ಓವನ್ ಖಾಲಿ ಇದೆಯಾ?" ಅಂತ ಕೇಳಿದಾಗ ನಮ್ಮ ಮನೆಯವರಿಗೆ ಏನು ಹೇಳಬೇಕೋ ತೋಚಲಿಲ್ಲ.

ನಾವಿರುವುದು ಒಹಾಯೊದ ಕೊಲಂಬಸ್ ಹತ್ತಿರ. ಈ ಹಬ್ಬ ಬರುವ ನವೆಂಬರಿನ ನಾಲ್ಕನೇ ಗುರುವಾರ ಇಲ್ಲಿ ರಸ್ತೆಗಳೆಲ್ಲ ಖಾಲಿ. ಅಂಗಡಿಗಳು ಮುಚ್ಚಿರುತ್ತವೆ, ರಿಪೇರಿಯವರು ಫೋನ್ ಎತ್ತುವುದಿಲ್ಲ. ಅಂಥ ದಿನ ಅಜ್ಜಿಯ ಓವನ್ನಿನ ತಳದ ಹೀಟಿಂಗ್ ಕಾಯಿಲ್ ಫಳಕ್ ಅಂತ ಕಿಡಿ ಹಾರಿಸಿ ಸತ್ತುಹೋಗಿತ್ತು. ಮೇಲಿನ ಒಲೆಗಳು ಸರಿ ಇದ್ದವು. ಆದರೆ ಈ ಹಬ್ಬದ ಮುಕ್ಕಾಲು ಅಡುಗೆ ಓವನ್ನಿನೊಳಗೇ ಆಗಬೇಕು. ಆರು ಕಿಲೋಗಿಂತ ಜಾಸ್ತಿ ತೂಕದ ಟರ್ಕಿ ಕೋಳಿ ಅವರ ಅಡುಗೆಮನೆ ಕಟ್ಟೆ ಮೇಲೆ ಹಸಿಹಸಿಯಾಗಿ ಕೂತಿತ್ತು. ಮಗ ಕ್ಲೀವ್‌ಲ್ಯಾಂಡಿನಿಂದ, ಮಗಳು ಪಿಟ್ಸ್‌ಬರ್ಗಿನಿಂದ ಮಕ್ಕಳು ಮರಿ ಕಟ್ಟಿಕೊಂಡು ಆಗಲೇ ಬಂದಾಗಿತ್ತು.

ನಮ್ಮದು ಸಸ್ಯಾಹಾರಿ ಮನೆ. ಅದೂ ಆ ವಾರ ಹಾಸನದಿಂದ ಅತ್ತೆ ಬಂದಿದ್ದರು. ನಾನು ಅವರ ಮುಖ ನೋಡಿದೆ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಅಜ್ಜಿ ಏಪ್ರನ್ ಕಟ್ಟಿಕೊಂಡೇ ಚಳಿಯಲ್ಲಿ ಓಡಿಬಂದಿದ್ದು ನೋಡಿ ಅವರಿಗೆ ವಿಷಯ ಗೊತ್ತಾಗಿತ್ತು.

"ಹಬ್ಬದ ದಿನ ಒಲೆ ಕೆಟ್ಟೋಗಿದೆ ಅಂತ ಮನೆ ಬಾಗಿಲಿಗೆ ಬಂದಿದಾರೆ. ಇಲ್ಲ ಅನ್ನೋಕಾಗುತ್ತೇನಮ್ಮ?" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಆದ್ರೆ ಆ ಹಕ್ಕಿ ಮಾತ್ರ ಒಳಗೆ ಬೇಡ" ಅಂತ ಸೇರಿಸಿದರು.

ನಾನು ಇದನ್ನು ಆದಷ್ಟು ನಯವಾಗಿ ಅಜ್ಜಿಗೆ ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ, ಅಥವಾ ಆದರೂ ತೋರಿಸಲಿಲ್ಲ. ಅವರ ಮಗ ಹಿಂದೆಯೇ ಬಂದಿದ್ದ. "ಅಮ್ಮ, ಕೋಳೀನ ಹೊರಗೆ ಗ್ರಿಲ್ ಮೇಲೆ ಮಾಡೋಣ, ಮಿಕ್ಕಿದ್ದೆಲ್ಲ ಇಲ್ಲಿ" ಅಂದ. ಮೇಲೆ ನೋಡೋಕೆ ಸುಲಭದ ಒಪ್ಪಂದ. ಆದರೆ ಮಿಕ್ಕಿದ್ದರಲ್ಲಿ ಏನೇನಿದೆ ಅಂತ ಅತ್ತೆಗೆ ಗೊತ್ತಾಗಬೇಕಲ್ಲ?

ಒಂದೊಂದೇ ತಟ್ಟೆ ನಮ್ಮ ಕಟ್ಟೆ ಮೇಲೆ ಬಂತು. ಅಜ್ಜಿ ಹೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಅತ್ತೆ ತಲೆ ಆಡಿಸುವುದು. ಮೊದಲು ಹುರುಳಿಕಾಯಿ ಕ್ಯಾಸರೋಲ್. ಬೀನ್ಸು, ಡಬ್ಬಿಯ ಅಣಬೆ ಸೂಪು, ಮೇಲೆ ಕರಿದ ಈರುಳ್ಳಿ. ಪಾಸು. ಇದು ತಲೆತಲಾಂತರದ ಅಡುಗೆ ಅಂತ ನಾನು ಅಂದುಕೊಂಡಿದ್ದೆ. ನೋಡಿದರೆ 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆ ವಿಭಾಗದಲ್ಲಿ ಡಾರ್ಕಸ್ ರೈಲಿ ಅನ್ನುವಾಕೆ ಹುಟ್ಟುಹಾಕಿದ್ದು. ಸೂಪಿನ ಡಬ್ಬಿ ಖರ್ಚಾಗಬೇಕಿತ್ತು, ಅಷ್ಟೇ. ನಾನು ಇದನ್ನು ಕೊಂಕಾಗಿ ಹೇಳುತ್ತಿಲ್ಲ. ನಾವು ಸಂಪ್ರದಾಯ ಅಂತ ಹಬ್ಬಕ್ಕೆ ಮಾಡುವ ಚಿತ್ರಾನ್ನದ ಹಸಿಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದಿದ್ದು ತಾನೇ?

ಎರಡನೆಯದು ಬೆಂದ ಸಿಹಿಗೆಣಸಿನ ಮೇಲೆ ಬಿಳಿ ಮಾರ್ಷ್‌ಮ್ಯಾಲೋ, ಅಂದರೆ ಹತ್ತಿಯಂಥ ಮೆತ್ತನೆ ಸಕ್ಕರೆ ಮಿಠಾಯಿ ಹರಡಿದ ತಟ್ಟೆ. ಇದೂ ಹಾಗೇ, 1917ರ ಹೊತ್ತಿಗೆ ಒಂದು ಮಾರ್ಷ್‌ಮ್ಯಾಲೋ ಕಂಪನಿ ಹಂಚಿದ ಅಡುಗೆ ಪುಸ್ತಿಕೆಯಿಂದ ಮನೆಮನೆಗೆ ಬಂದಿದ್ದು. ಅತ್ತೆ ಗೆಣಸು ನೋಡಿ ಖುಷಿಯಾದರು. ಅಷ್ಟರಲ್ಲಿ ಅಜ್ಜಿಯ ಕಾಲೇಜು ಓದುವ ಮೊಮ್ಮಗಳು ಪ್ಯಾಕೆಟ್ ಓದಿ, ಅದರಲ್ಲಿ ಜೆಲಟಿನ್ ಇದೆ ಅಂದಳು. ಅದನ್ನು ಯಾವುದರಿಂದ ಮಾಡುತ್ತಾರೆ ಅಂತ ಅತ್ತೆ ಕೇಳಿದರು. ಪ್ರಾಣಿಗಳ ಚರ್ಮ, ಮೂಳೆ ಅಂತ ನಾನು ಹೇಳಲೇಬೇಕಾಯಿತು. ಅತ್ತೆ ನಿಧಾನವಾಗಿ ನಮ್ಮ ಮಗನ ಕಡೆ ತಿರುಗಿದರು. "ಕ್ಯಾಂಪಿಗೆ ಹೋದಾಗ ಕಡ್ಡಿಗೆ ಸಿಕ್ಕಿಸಿ ಸುಟ್ಟುಕೊಂಡು ತಿಂದೆ ಅಂದ್ಯಲ್ಲೋ, ಇದೇನಾ?" ಅವನು ಯಾವಾಗ ಮೆಟ್ಟಿಲು ಹತ್ತಿದನೋ ಯಾರೂ ನೋಡಲಿಲ್ಲ. ಮೊಮ್ಮಗಳು ಚಮಚದಲ್ಲಿ ಮಾರ್ಷ್‌ಮ್ಯಾಲೋ ಎಲ್ಲ ಬಳಿದು ತೆಗೆದಳು. ಅದರ ಜಾಗಕ್ಕೆ ಅತ್ತೆ ಬೆಲ್ಲ, ತುಪ್ಪ, ಏಲಕ್ಕಿ ಪುಡಿ ಹಾಕಿದರು. ಯಾರನ್ನೂ ಕೇಳಲಿಲ್ಲ.

ನಿಜವಾದ ಕಷ್ಟ ಬಂದಿದ್ದು ಸ್ಟಫಿಂಗ್ ವಿಷಯಕ್ಕೆ. ಒಣ ಬ್ರೆಡ್ಡಿನ ತುಂಡು, ಸೆಲರಿ, ಈರುಳ್ಳಿ, ಸೇಜ್ ಸೊಪ್ಪು, ಬೆಣ್ಣೆ ಕಲಸಿ, ಕೋಳಿಯ ಹೊಟ್ಟೆಯೊಳಗೆ ತುಂಬಿ ಬೇಯಿಸುವುದು ಅಜ್ಜಿಯ ತವರಿನ ಪದ್ಧತಿ. ಸೊಸೆಯ ತವರಿನಲ್ಲಿ ಅದನ್ನು ಬೇರೆ ತಟ್ಟೆಯಲ್ಲಿ ಬೇಯಿಸುತ್ತಾರಂತೆ, ಮೇಲೆ ಗರಿಗರಿ ಆಗುತ್ತೆ ಅಂತ. ಅದು ಹೇಗೆ ಸ್ಟಫಿಂಗ್ ಆಗುತ್ತೆ ಅಂತ ಅಜ್ಜಿ, ಒಳಗೆ ಹಾಕಿದರೆ ಮುದ್ದೆಯಾಗುತ್ತೆ ಅಂತ ಸೊಸೆ. ಇಬ್ಬರೂ ನಗುತ್ತಲೇ ಮಾತಾಡುತ್ತಿದ್ದರು. ಆದರೆ ಆ ನಗು ಎಂಥದ್ದು ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಧಾರವಾಡದವಳು, ಕಡಲೆಬೇಳೆ ಹೋಳಿಗೆ ತಿಂದು ಬೆಳೆದವಳು. ಹಾಸನದ ಮನೆಯಲ್ಲಿ ತೊಗರಿಬೇಳೆ. ಮದುವೆಯಾದ ಮೊದಲ ಯುಗಾದಿಗೆ ಶುರುವಾದ ಚರ್ಚೆ ಇನ್ನೂ ಮುಗಿದಿಲ್ಲ. ಸಂಗತಿ ಏನು ಅಂತ ನಾನು ಹೇಳಿದ ಮೇಲೆ ಅತ್ತೆ, "ಆಯಮ್ಮ ಹೇಳಿದಂಗೇ ಮಾಡ್ಲಿ ಬಿಡು, ದೊಡ್ಡೋರು" ಅಂದರು. ಯಾವ ಪಕ್ಷ ವಹಿಸುತ್ತಾರೆ ಅಂತ ನನಗೇನೂ ಅನುಮಾನವಿರಲಿಲ್ಲ.

ಈ ಜಗಳವನ್ನು ಕೊನೆಗೆ ತೀರ್ಮಾನಿಸಿದ್ದು ಗ್ರಿಲ್. ಇಡೀ ಕೋಳಿಯನ್ನು ಅದರ ಮೇಲಿಟ್ಟರೆ ಮುಚ್ಚಳ ಹಾಕೋಕಾಗಲ್ಲ. ಮಗ ಅದರ ಬೆನ್ನುಮೂಳೆ ಕತ್ತರಿಸಿ, ಎದೆ ಒತ್ತಿ, ಪುಸ್ತಕ ಬಿಚ್ಚಿಟ್ಟ ಹಾಗೆ ಚಪ್ಪಟೆ ಮಾಡಿದ. ಹಾಗೆ ಮಾಡಿದರೆ ಬೇಗ ಬೇಯುತ್ತದೆ. ಆದರೆ ತುಂಬೋಕೆ ಹೊಟ್ಟೆಯೇ ಇರುವುದಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಇಡೀ ಕೋಳಿಯನ್ನು ಮೇಜಿನ ಮಧ್ಯ ಇಟ್ಟು ಎಲ್ಲರೆದುರು ಕುಯ್ಯುವುದು ಈ ಹಬ್ಬದ ದೊಡ್ಡ ಗಳಿಗೆ. ಅದು ಹೋಯಿತು. ಆಮೇಲೆ ಕೋಳಿ ಸಾರಿನ ಡಬ್ಬಿ ಪಕ್ಕಕ್ಕಿಟ್ಟು, ತರಕಾರಿ ಬೇಯಿಸಿದ ನೀರು ಹಾಕಿ ಕಲಸಿ, ತಟ್ಟೆಗೆ ಸುರಿದು ನನ್ನ ಕೈಗೆ ಕೊಟ್ಟರು. ಸೊಸೆ ಒಂದು ಮಾತೂ ಆಡಲಿಲ್ಲ. ಜಾಣೆ.

ಇಷ್ಟೆಲ್ಲ ಚರ್ಚೆ ನಡೆಯುತ್ತಿರುವಾಗ ನಮ್ಮ ಮನೆಯವರು ಸಹಾಯ ಮಾಡೋಣ ಅಂತ ಓವನ್ನನ್ನು 375 ಡಿಗ್ರಿಗೆ ಹಚ್ಚಿ ಹೋಗಿದ್ದರು. ಒಳಗಿನ ಬೀರು ಖಾಲಿ ಮಾಡಿರಲಿಲ್ಲ. ದೋಸೆ ಕಾವಲಿಯ ಪ್ಲಾಸ್ಟಿಕ್ ಹಿಡಿ ಕರಗಿ, ಕಪ್ಪು ಹೊಗೆ ಎದ್ದು, ಮನೆಯ ಅಲಾರಂಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು. ನಮಗೇನೋ ಆ ಸದ್ದು ಹೊಸದಲ್ಲ, ಒಗ್ಗರಣೆ ಹಾಕುವ ಮನೆ. ಟವೆಲ್ ಬೀಸುವವರು ಬೀಸಿದರು, ಕಿಟಕಿ ತೆಗೆಯುವವರು ತೆಗೆದರು. ಹೊರಗಿನ ಚಳಿಯೆಲ್ಲ ಒಳಗೆ ಬಂತು. ಪಕ್ಕದ ಮನೆಯವರು ಮಾತ್ರ ಗಾಬರಿಯಾಗಿ ಮಕ್ಕಳನ್ನು ಎತ್ತಿಕೊಂಡು ಲಾನಿಗೆ ಓಡಿದರು. ಗಾಬರಿಯಾಗೋಕೂ ಕಾರಣ ಇದೆ ಅನ್ನಿ. ಈ ದೇಶದಲ್ಲಿ ವರ್ಷದ ಬೇರೆ ಯಾವ ದಿನಕ್ಕಿಂತಲೂ ಥ್ಯಾಂಕ್ಸ್‌ಗಿವಿಂಗ್ ದಿನವೇ ಮನೆಗಳಲ್ಲಿ ಅಡುಗೆಯಿಂದ ಬೆಂಕಿ ಬೀಳುವುದು ಜಾಸ್ತಿ. ಹೆಪ್ಪುಗಟ್ಟಿದ ಕೋಳಿಯನ್ನು ಕಾದ ಎಣ್ಣೆಗೆ ಇಳಿಸಿ ಡೆಕ್ ಸುಟ್ಟುಕೊಂಡವರ ವಿಡಿಯೋ ಪ್ರತಿ ನವೆಂಬರಿನಲ್ಲೂ ಟಿವಿಯಲ್ಲಿ ತೋರಿಸುತ್ತಾರೆ.

ನನಗನ್ನಿಸುವುದು ಇಷ್ಟು. ವರ್ಷಕ್ಕೊಮ್ಮೆ ಮಾತ್ರ ಮಾಡುವ ಅಡುಗೆ, ದಿನಾ ಬಳಸದ ದೊಡ್ಡ ಪಾತ್ರೆ, ಸುತ್ತ ನಿಂತು ನೋಡುವ ನೆಂಟರು. ಕೈ ತಪ್ಪದೆ ಇರುತ್ತಾ? ದಿನಾ ಮಾಡುವ ಸಾರು ಯಾರಿಗೂ ಕೆಡುವುದಿಲ್ಲ. ಹಬ್ಬದ ದಿನವೇ ಹೂರಣ ನೀರಾಗುತ್ತದೆ, ಕಣಕ ಹರಿಯುತ್ತದೆ. ಹೂರಣ ನೀರಾದರೆ ನಮ್ಮಲ್ಲಿ ಪಕ್ಕದ ಮನೆಯ ಅಕ್ಕನನ್ನು ಕರೆಯುತ್ತೇವೆ. ಇಲ್ಲಿ ಫೋನ್ ಮಾಡುತ್ತಾರೆ. ಕೋಳಿ ಮಾರುವ ಬಟರ್‌ಬಾಲ್ ಕಂಪನಿ 1981ರಿಂದ ಈ ಹಬ್ಬದ ಕಾಲಕ್ಕೆ ಸಹಾಯವಾಣಿ ನಡೆಸುತ್ತಿದೆ. ಕೋಳಿ ಇನ್ನೂ ಕರಗಿಲ್ಲ, ಹೊಟ್ಟೆಯೊಳಗಿನ ಲಿವರ್-ಗುಂಡಿಗೆಯ ಚೀಲ ತೆಗೆಯೋಕೆ ಮರೆತೆ, ಎಲ್ಲಕ್ಕೂ ಉತ್ತರ ಕೊಡುತ್ತಾರೆ. ಅಲ್ಲಿಗೆ ಫೋನ್ ಮಾಡು ಅಂತ ಅಜ್ಜಿ ಎಷ್ಟು ಹೇಳಿದರೂ ಮಗ ಕೇಳಲಿಲ್ಲ. ಗ್ರಿಲ್ ಮುಂದೆ ನಿಂತ ಗಂಡಸು ಯಾರ ಮಾತು ಕೇಳಿದ್ದುಂಟು?

ಕೋಳಿಯ ತೊಡೆಗೆ ಚುಚ್ಚಿದ ಥರ್ಮಾಮೀಟರ್ 165 ಡಿಗ್ರಿ ತೋರಿಸಿದರೆ ಬೆಂದಿದೆ ಅಂತ ಲೆಕ್ಕ. ಫ್ಯಾರನ್‌ಹೀಟ್‌ನಲ್ಲಿ. ಅದು 130 ದಾಟುವಾಗ ಗ್ರಿಲ್ಲಿನ ಉರಿ ಪುಸ್ ಅಂತ ಆರಿತು. ಗ್ಯಾಸ್ ಖಾಲಿ. ಸಿಲಿಂಡರ್ ಬದಲಾಯಿಸಿಕೊಡುವ ಅಂಗಡಿ ಬಾಗಿಲು ಹಾಕಿತ್ತು. ಆಗ ಅತ್ತೆಯೇ ನಮ್ಮ ಹಿತ್ತಲಿನ ಡೆಕ್ ಕಡೆ ಕೈ ತೋರಿಸಿದರು. ಮನೆಯೆಲ್ಲ ಎಣ್ಣೆ ವಾಸನೆ ಆಗಬಾರದು ಅಂತ ನಾವು ಪೂರಿ, ಬಜ್ಜಿ ಕರಿಯೋಕೆ ಅಲ್ಲೊಂದು ಎರಡು ಬರ್ನರಿನ ಒಲೆ ಇಟ್ಟಿದ್ದೇವೆ. ಅದಕ್ಕೂ ಅದೇ ಅಳತೆಯ ಸಿಲಿಂಡರ್, ದೀಪಾವಳಿ ಮುಗಿದ ಮೇಲೆ ತುಂಬಿಸಿ ತಂದಿದ್ದು. ಮನೆಯವರು ಅದನ್ನು ಹೊತ್ತುಕೊಂಡು ಬೇಲಿ ಸುತ್ತಿ ಹೋದರು. ಕಾವಲಿ ಸುಟ್ಟ ಅವಮಾನ ಅಲ್ಲಿಗೆ ತೀರಿತು ಅಂತ ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಕಾಯುವ ಹೊತ್ತಿನಲ್ಲಿ ಅತ್ತೆಯ ಕಣ್ಣು ಕಟ್ಟೆ ಮೇಲಿದ್ದ ಕ್ರ್ಯಾನ್‌ಬೆರಿ ಚೀಲದ ಮೇಲೆ ಬಿತ್ತು. ಒಂದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು, ಅಷ್ಟು ಹುಳಿ. ಆಮೇಲೆ ಬೆಲ್ಲ, ಉಪ್ಪು, ಖಾರದಪುಡಿ, ಮೆಂತ್ಯದ ಪುಡಿ ಹಾಕಿ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದರು. ಅಲಾರಂ ಇನ್ನೊಂದು ಸಲ ಬಡಿದುಕೊಂಡಿತು. ಈ ಸಲ ಯಾರೂ ಓಡಲಿಲ್ಲ.

ಊಟಕ್ಕೆ ಕೂತಾಗ ಕತ್ತಲಾಗಿತ್ತು. ಅಜ್ಜಿಯ ಮೇಜಿನ ಒಂದು ತುದಿಗೆ ಕೋಳಿ, ಅದರ ಗ್ರೇವಿ. ನಮಗೆ ಇನ್ನೊಂದು ತುದಿ. ಡಬ್ಬಿಯಿಂದ ಜಾರಿಸಿದ ಕ್ರ್ಯಾನ್‌ಬೆರಿ ಜೆಲ್ಲಿಯೂ ಇತ್ತು, ಡಬ್ಬಿಯ ಗೆರೆಗಳು ಮೈಮೇಲೆ ಹಾಗೇ ಮೂಡಿಕೊಂಡು. ಅದನ್ನು ಯಾರೂ ಮುಟ್ಟಲಿಲ್ಲ. ಯಾರೂ ತಿನ್ನದಿದ್ದರೂ ಇಡಲೇಬೇಕಂತೆ. ತೀರಿಹೋದ ತಾತನಿಗೆ ಅದಿಲ್ಲದೆ ಹಬ್ಬವೇ ಆಗುತ್ತಿರಲಿಲ್ಲ ಅಂತ ಮಗಳು ಹೇಳಿದಳು.

ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಯಾವುದಕ್ಕಾದರೂ ಕೃತಜ್ಞತೆ ಹೇಳುವುದು ಆ ಮನೆಯ ರೂಢಿ. ಸಣ್ಣ ಮೊಮ್ಮಗ ಶಾಲೆಯಲ್ಲಿ ಕಲಿತ ಕಥೆ ಒಪ್ಪಿಸಿದ. 1621ರಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್‌ನಲ್ಲಿ ವಲಸೆ ಬಂದ ಇಂಗ್ಲಿಷರು, ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನ ಕೂಡಿ ಸುಗ್ಗಿಯ ಊಟ ಮಾಡಿದ್ದು, ಸಾರಾ ಹೇಲ್ ಎಂಬ ಸಂಪಾದಕಿ ಈ ಹಬ್ಬಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದೂ ಬರೆದೂ ಕೊನೆಗೆ 1863ರಲ್ಲಿ ಅಧ್ಯಕ್ಷ ಲಿಂಕನ್ ಇಡೀ ದೇಶಕ್ಕೆ ಒಂದೇ ದಿನ ಸಾರಿದ್ದು. ಕಾಲೇಜಿನ ಮೊಮ್ಮಗಳು ಅಷ್ಟಕ್ಕೆ ಬಿಡಲಿಲ್ಲ. ಆ ಜನರ ನೆಲ ಆಮೇಲೆ ಏನಾಯಿತು ಅಂತಲೂ ಹೇಳಬೇಕಲ್ವಾ, 1970ರಿಂದ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಇದೇ ದಿನ ಶೋಕದಿನ ಆಚರಿಸುತ್ತಾರೆ ಅಂದಳು. ಅವಳ ಅಪ್ಪ ಗಂಟಲು ಸರಿಮಾಡಿಕೊಂಡ. ಅಜ್ಜಿ ಮಾತ್ರ "ಅವಳು ಹೇಳೋದು ಸರಿ" ಅಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಸಿಲಿಂಡರ್‌ನಲ್ಲಿ ಗ್ಯಾಸ್ ಇತ್ತಲ್ಲ, ಅದಕ್ಕೆ" ಅಂದರು. ನಾನು ಇಂಗ್ಲಿಷಿಗೆ ಹೇಳಿ ಮುಗಿಸುವ ಮೊದಲೇ ಗ್ರಿಲ್ಲಿನ ಮಗ ನಗಲು ಶುರುಮಾಡಿದ್ದ. ಗ್ಯಾಸ್, ಸಿಲಿಂಡರ್ ಎರಡೂ ಅವನಿಗೆ ಅರ್ಥವಾಗಿತ್ತು.

ಕೋಳಿ ಹೇಗಿತ್ತೋ ನನಗೆ ಗೊತ್ತಿಲ್ಲ. ಎರಡೆರಡು ಸಲ ಬಡಿಸಿಕೊಂಡರು. ಸ್ಟಫಿಂಗ್ ಚೆನ್ನಾಗಿತ್ತು, ಮೇಲೆ ಗರಿಗರಿಯಾಗಿತ್ತು. ಬೆಲ್ಲದ ಗೆಣಸು ಮಕ್ಕಳಿಗೆ ಹಿಡಿಸಲಿಲ್ಲ, ಮಾರ್ಷ್‌ಮ್ಯಾಲೋ ಎಲ್ಲಿ ಅಂತ ಅತ್ತರು. ಗೊಜ್ಜು ಮಾತ್ರ ಖಾಲಿ. ಅಜ್ಜಿ ಪೆನ್ನು, ಕಾರ್ಡು ತಂದು ಅಳತೆ ಕೇಳಿದರು. ಅತ್ತೆ ಅಂಗೈ ಮಡಚಿ "ಇಷ್ಟು" ಅಂತ ತೋರಿಸಿದರು. ಅಜ್ಜಿ ಚಮಚ ತಂದು ಆ ಅಂಗೈಗೇ ಉಪ್ಪು ಸುರಿಸಿ ಅಳೆದು ಬರೆದುಕೊಂಡರು.

ಈ ವರ್ಷ ಆ ಮನೆಗೆ ಹೊಸ ಓವನ್ ಬಂದಿದೆ. ಆದರೆ ಮೊಮ್ಮಕ್ಕಳು ಕೋಳಿಯನ್ನು ಹೊರಗೆ ಗ್ರಿಲ್ ಮೇಲೇ ಮಾಡಬೇಕು, "ನಮ್ಮನೇಲಿ ಹಾಗೇ ಮಾಡೋದು" ಅಂತ ಹಟ ಹಿಡಿದಿದ್ದಾರೆ. ಅಜ್ಜಿ ಒಪ್ಪಿಲ್ಲ. ಸೊಸೆ ಮೊಮ್ಮಕ್ಕಳ ಕಡೆ. ಹಾಸನದಿಂದ ಅತ್ತೆ ವಾರವಾರ ಫೋನ್ ಮಾಡಿ ಏನು ತೀರ್ಮಾನ ಆಯ್ತು ಅಂತ ಕೇಳುತ್ತಿದ್ದಾರೆ. ಯಾವುದಕ್ಕೂ ಇರಲಿ ಅಂತ ನಮ್ಮ ಮನೆಯವರು ಸಿಲಿಂಡರ್ ತುಂಬಿಸಿಟ್ಟಿದ್ದಾರೆ.