ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಕೆಳಗೆ

ಮದ್ದೂರು ವಡೆ ತಿನ್ನುವ ಪ್ಲಾನೇ ಇರಲಿಲ್ಲ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ನೋಡಲು ಬೆಂಗಳೂರಿನಿಂದ ಹೊರಟವರು ಮದ್ದೂರಿಗಿಂತ ಮುಂಚೆಯೇ, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕಿತ್ತು. ನಾನು ಸರ್ವಿಸ್ ರಸ್ತೆಗೆ ಇಳಿಯುವುದನ್ನು ಮರೆತೆ. ಈ ಹೊಸ ಹೆದ್ದಾರಿಯಲ್ಲಿ ಒಂದು ಸಲ ಇಳಿಯುವ ಜಾಗ ತಪ್ಪಿತು ಅಂದರೆ ಮುಗೀತು. ಮುಂದಿನ ಊರಿನವರೆಗೆ ಹೋಗಿಯೇ ವಾಪಸ್ ಬರಬೇಕು. "ಒಳ್ಳೇದೇ ಆಯ್ತು, ಹೊಟ್ಟೆನೂ ಹಸೀತಿತ್ತು" ಅಂದಳು ಅಮ್ಮ. ಮದ್ದೂರಿನಲ್ಲಿ ಎರಡೆರಡು ವಡೆ ತಿಂದು, ಎರಡು ಕಟ್ಟಿಸಿಕೊಂಡು, ಬಂದ ದಾರಿಗೇ ಹಿಂದಿರುಗಿದೆವು.

ರುದ್ರಾಕ್ಷಿಪುರದಿಂದ ಕೊಕ್ಕರೆ ಬೆಳ್ಳೂರಿಗೆ ಹನ್ನೆರಡು ಕಿಲೋಮೀಟರ್. ಕಬ್ಬು, ರಾಗಿ ಹುಲ್ಲಿನ ಮೆದೆ, ಹಿಪ್ಪುನೇರಳೆ ತೋಟ. ಫೆಬ್ರವರಿ ಕೊನೆಯ ಭಾನುವಾರ. ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ಪಕ್ಷಿಧಾಮ ಅಂದರೆ ನನ್ನ ತಲೆಯಲ್ಲಿದ್ದದ್ದು ರಂಗನತಿಟ್ಟು. ಗೇಟು, ಟಿಕೆಟ್ಟು, ದೋಣಿ. ಇಲ್ಲಿ ಅದೇನೂ ಇಲ್ಲ. ಊರಿನ ಬೀದಿಗೆ ಕಾರು ನುಗ್ಗಿತು. ಮನೆ, ಮನೆಯ ಪಕ್ಕ ಹಸು, ಹಸುವಿನ ಪಕ್ಕ ಹುಣಸೆಮರ. ಆ ಮರದ ತುಂಬ ದೊಡ್ಡ ದೊಡ್ಡ ಹಕ್ಕಿಗಳು. ಎರಡು ಹೆಂಚಿನ ಮನೆಗಳ ನಡುವಿನ ಒಂದೇ ಮರದಲ್ಲಿ ಹದಿನೇಳು ಗೂಡು ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಮೇಲಿನ ರೆಂಬೆಗಳಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಬಾಲದ ಹತ್ತಿರ ಯಾರೋ ಕುಂಕುಮದ ಕೈ ಒರೆಸಿದ ಹಾಗೆ ಗುಲಾಬಿ. ಪಕ್ಕದ ಅರಳಿಮರದಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಏಳೆಂಟು ಅಡಿ. ಅಷ್ಟು ದೊಡ್ಡ ಹಕ್ಕಿ ಒಂದು ಸಣ್ಣ ಕೊಂಬೆಯ ಮೇಲೆ ಇಳಿಯುವುದನ್ನು ನೋಡಿದರೆ, ಲಾರಿ ಡ್ರೈವರ್ ಓಣಿಯಲ್ಲಿ ರಿವರ್ಸ್ ತೆಗೆಯುವುದು ನೆನಪಾಗುತ್ತದೆ.

ಅಮ್ಮ ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿದ್ದಳು. ನಿಲ್ಲಬಾರದ ಜಾಗ. ಪಚಕ್ ಅಂತ ಹೆಗಲ ಮೇಲೆ ಬಿತ್ತು. ಮೀನು ತಿನ್ನುವ ಹಕ್ಕಿಯ ಹಿಕ್ಕೆ ಹೇಗೆ ನಾರುತ್ತದೆ ಅಂತ ಹೇಳಿ ನಿಮ್ಮ ಊಟ ಕೆಡಿಸುವುದಿಲ್ಲ.

ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ನಕ್ಕುಬಿಟ್ಟರು. "ಬಾರವ್ವ, ನೀರ್ ಕೊಡ್ತೀನಿ. ಹೊಸ್ಬರು ಎಲ್ರೂ ಅಲ್ಲೇ ನಿಲ್ಲಾದು." ಸೆರಗು ತೊಳೆಯುವ ನೆಪದಲ್ಲಿ ಶುರುವಾದ ಮಾತು ಮಧ್ಯಾಹ್ನದವರೆಗೆ ನಡೆಯಿತು.

ನಮ್ಮಮ್ಮನಿಗೆ ಹಕ್ಕಿಗಿಂತ ಹುಣಸೆಮರದ ಮೇಲೆ ಕಣ್ಣು. ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಅವಳು ಹತ್ತು ಕೆಜಿ ಹುಣಸೆಹಣ್ಣು ತಂದು, ಬೀಜ ಬಿಡಿಸಿ, ನಾರು ತೆಗೆದು, ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡಿಗೆ ತುಂಬುತ್ತಾಳೆ. ಹಾಗಾಗಿ ನನಗೆ ಹೊಳೆಯದ ಪ್ರಶ್ನೆ ಅವಳಿಗೆ ಮೊದಲು ಹೊಳೆಯಿತು. "ಈಗ ಹಣ್ಣು ಬಡಿಯೋ ಕಾಲ ಅಲ್ವಾ? ಇವು ಗೂಡು ಕಟ್ಟಿ ಕೂತಿದ್ರೆ ಹೆಂಗೆ ಬಡೀತೀರಿ?"

"ಬಡಿಯಾದಿಲ್ಲ" ಅಂದರು ಅಜ್ಜಿ.

ಅಷ್ಟೇ. ಹುಣಸೆ ಹಣ್ಣಾಗುವ ತಿಂಗಳೂ ಮರಿಗಳು ಗೂಡಿನಲ್ಲಿರುವ ತಿಂಗಳೂ ಒಂದೇ. ಕೊಂಬೆ ಅಲ್ಲಾಡಿಸಿದರೆ ಹಣ್ಣಿನ ಜೊತೆ ಮರಿಯೂ ಉದುರುತ್ತದೆ. ಅದಕ್ಕೇ ಗೂಡಿರುವ ಮರದ ತಂಟೆಗೆ ಯಾರೂ ಹೋಗುವುದಿಲ್ಲ. ಮರಿಗಳು ಹಾರಿಹೋದ ಮೇಲೆ ಏನಾದರೂ ಉಳಿದಿದ್ದರೆ ಅದು ಮನೆಯವರಿಗೆ. ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಮರಕ್ಕೆ ಮೂರು ಮೂಟೆ ಅಂದರೂ ಇವತ್ತಿನ ರೇಟಿಗೆ... ಅರಣ್ಯ ಇಲಾಖೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡುತ್ತದೆ. ಅದನ್ನು ಹೇಳಿದಾಗ ಅಜ್ಜಿ ಕೈ ಅಲ್ಲಾಡಿಸಿ, "ಅದು ಇರ್ಲಿ ಬುಡವ್ವ" ಅಂದರು.

ಆಮೇಲೆ ಅವರೇ ಹೇಳಿದರು. "ಹೆಣ್ಮಕ್ಳು ಬಾಣ್ತನಕ್ಕೆ ತವ್ರಿಗ್ ಬಂದಂಗೆ ಕಣವ್ವ ಇವು. ಬಂದ್ ಮಗಳ್ನ ಎದ್ದೋಗು ಅಂತಾರಾ?" ಈ ಮಾತನ್ನು ಆ ಊರಿನ ಬಗ್ಗೆ ಬರೆಯುವವರೆಲ್ಲ ಬರೆಯುತ್ತಾರೆ, ಓದಿ ನನಗೂ ಬಾಯಿಪಾಠ ಆಗಿತ್ತು. ಆದರೆ ಅಜ್ಜಿ ಅದನ್ನು ಹೇಳುತ್ತಲೇ ಮರದ ಕಡೆ ತಿರುಗಿ, ಗಲಾಟೆ ಮಾಡುತ್ತಿದ್ದ ಒಂದು ಹೆಜ್ಜಾರ್ಲೆಯನ್ನು "ಥೂ, ಸುಮ್ಕಿರು!" ಅಂತ ಗದರಿಸಿದರು. ಮನೆಮಗಳನ್ನು ಗದರಿಸುವ ದನಿಯೇ ಅದು.

ಪುಕ್ಕಟೆಯೂ ಅಲ್ಲ ಅನ್ನಿ. ಮರದ ಕೆಳಗೆ ಮಣ್ಣು ಬೆಳ್ಳಗಾಗಿತ್ತು. ಕೆರೆಯ ಗೋಡುಮಣ್ಣು ತಂದು ಮರದಡಿಯ ಗುಂಡಿಗೆ ತುಂಬುತ್ತಾರೆ. ಮೇಲಿನಿಂದ ಹಿಕ್ಕೆ ಬೀಳುತ್ತಾ ಹೋಗುತ್ತದೆ, ಕೊನೆಗೆ ಅದನ್ನು ಗದ್ದೆಗೆ ಸಾಗಿಸುತ್ತಾರೆ. ಸಾರಜನಕ, ರಂಜಕ ಎರಡೂ ಇರುವ ಒಳ್ಳೆ ಗೊಬ್ಬರ. ಅಮ್ಮನ ಸೀರೆಯ ಮೇಲೆ ಬಿದ್ದದ್ದೂ ಅದೇ.

ಈ ಊರಿನ ವಿಷಯ ಹೊರಗಿನವರಿಗೆ ತಿಳಿದದ್ದು ಮುಖ್ಯವಾಗಿ 1976ರ ನಂತರ, ಅರಣ್ಯಾಧಿಕಾರಿ ಎಸ್. ಜಿ. ನೆಗಿನಹಾಳ ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ್ದೂ ಇದೇ ಮನುಷ್ಯ. ನಾನು ದಿನಾ ನೆರಳಿನಲ್ಲಿ ಬೈಕ್ ನಿಲ್ಲಿಸುವ ಮರ ಅವರ ಕಾಲದ್ದೇ ಇರಬಹುದು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು, ಮುಖ್ಯವಾಗಿ ಕೆ. ಮನು, ಊರಿನ ಹುಡುಗರನ್ನು ಸೇರಿಸಿಕೊಂಡು 'ಹೆಜ್ಜಾರ್ಲೆ ಬಳಗ' ಕಟ್ಟಿದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಅಂದರೆ ಜಮೀನು, ಮರ ಎಲ್ಲ ಊರವರದ್ದೇ. ಕಾಯುವ ಕೆಲಸದಲ್ಲೂ ಅವರು ಪಾಲುದಾರರು.

ಬಳಗದವರ ಕೆಲಸ ನೋಡಲು ಸಿಕ್ಕಿದ್ದು ನಮ್ಮ ಅದೃಷ್ಟ. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಮತ್ತೆ ಮೇಲೆ ಎತ್ತಿಕೊಳ್ಳುವುದಿಲ್ಲ. ಕೆಳಗೆ ನಾಯಿ ಕಾಯುತ್ತಿರುತ್ತದೆ. ಅಂಥ ಮರಿಗಳನ್ನು ತಂದು ಬಲೆ ಕಟ್ಟಿದ ಆವರಣದಲ್ಲಿ ಸಾಕುತ್ತಾರೆ. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ ಹಿಡಿದು ಒಳಗೆ ಹೋದ. ಬಕೆಟ್‌ನಲ್ಲಿ ಸಣ್ಣ ಮೀನು. ಮೂರು ಹೆಜ್ಜಾರ್ಲೆ ಮರಿಗಳು ಅವನ ಮೇಲೇ ಬಿದ್ದವು. ಒಂದು ಮರಿ ಅವಸರದಲ್ಲಿ ಮೀನು ಬಿಟ್ಟು ಅವನ ಮುಂಗೈಯನ್ನೇ ಕೊಕ್ಕಿನೊಳಗೆ ಹಾಕಿಕೊಂಡಿತು. ಮರದ ಮೇಲೆ ಅವು ಊಟ ಮಾಡುವುದೂ ಹೀಗೆಯೇ: ತಾಯಿಯ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ. ಹುಡುಗ ನಿಧಾನಕ್ಕೆ ಕೈ ಬಿಡಿಸಿಕೊಂಡ. ಕೈ ತುಂಬ ಸಣ್ಣ ಸಣ್ಣ ಗೀರು. ರೆಕ್ಕೆ ಬಲಿತ ಮೇಲೆ ಹೊರಗೆ ಬಿಡುತ್ತಾರಂತೆ. ಮೀನಿಗೆ ದುಡ್ಡು ಎಲ್ಲಿಂದ ಅಂತ ಕೇಳಿದೆ. "ಯಾರಾದ್ರೂ ಕೊಡ್ತಾರೆ ಅಕ್ಕ. ಇಲ್ಲದಿದ್ರೆ ನಾವೇ ಹಾಕ್ಕೋತೀವಿ" ಅಂದ.

ನಮ್ಮ ಆಫೀಸಿನಲ್ಲಿ ಪ್ರತಿ ಜೂನ್ 5ಕ್ಕೆ ಗಿಡ ನೆಡುತ್ತೇವೆ. ಹಸಿರು ಟೀ-ಶರ್ಟು, ಗ್ರೂಪ್ ಫೋಟೊ, ಆಮೇಲೆ ಬಿರಿಯಾನಿ. ಹೋದ ವರ್ಷ ನಾನು ನೆಟ್ಟ ಹೊಂಗೆ ಸಸಿ ಇದೆಯೋ ಒಣಗಿತೋ ಗೊತ್ತಿಲ್ಲ, ನೋಡಲು ಹೋಗಿಲ್ಲ. ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿ ಒಂದು ಟ್ರಸ್ಟಿಗೆ ಹೋಗುತ್ತದೆ. ಅದರ ಹೆಸರನ್ನು ಪೇಸ್ಲಿಪ್ ನೋಡಿಯೇ ಹೇಳಬೇಕು.

ಎಲ್ಲವೂ ಚೆನ್ನಾಗಿದೆ ಅಂತಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು. ಶಿಂಷಾ ನದಿ, ಸುತ್ತಲಿನ ಕೆರೆಗಳ ಮೀನನ್ನೇ ನಂಬಿದ ಹಕ್ಕಿಗಳು. ನೀರು ಕೆಟ್ಟರೆ ಊರವರ ಪ್ರೀತಿ ಏನು ಮಾಡೀತು? ಮನೆ ದೊಡ್ಡದು ಮಾಡುವಾಗ ಮರವೂ ಹೋಗುತ್ತದೆ. ಅಜ್ಜಿಯ ಬೀದಿಯಲ್ಲೇ ಒಂದು ಹೊಸ ಆರ್‌ಸಿಸಿ ಮನೆಯ ಮುಂದೆ ಹುಣಸೆಯ ಬುಡ ಮಾತ್ರ ಉಳಿದಿತ್ತು. ಅದರ ಮೇಲೆ ಬಟ್ಟೆ ಒಗೆಯುವ ಸೋಪು.

ಹೊರಡುವಾಗ ಅಮ್ಮ ಬಕೆಟ್ ಹಿಡಿದ ಹುಡುಗನಿಗೆ ಮೀನಿಗೆ ಅಂತ ಐನೂರು ಕೊಟ್ಟಳು. ಅವನು ತೆಗೆದುಕೊಂಡ. ಅಜ್ಜಿಗೂ ಕೊಡಲು ಹೋದಳು. ಅಜ್ಜಿ ಸಿಟ್ಟಾದರು. "ನೀರ್ ಕೊಟ್ಟಿದ್ಕೆ ದುಡ್ಡಾ?" ಅಂತ ಒಳಗೆ ಹೋದವರು ಒಂದು ಕವರ್ ತುಂಬ ಹುಣಸೆಹಣ್ಣು ತಂದು ಅಮ್ಮನ ಕೈಗಿಟ್ಟರು. ಹಿತ್ತಲಲ್ಲಿ ಇನ್ನೊಂದು ಮರ ಇದೆಯಂತೆ, ಅದನ್ನು ಬಡಿದದ್ದು.

"ಅದ್ರಾಗೆ ಗೂಡಿಲ್ವಾ?" ಅಮ್ಮ ಕೇಳಿದಳು.

"ಹೋದ್ ವರ್ಸ ಇತ್ತು ಕಣವ್ವ. ಈ ಸಲ ಯಾಕೋ ಬರ್ನಿಲ್ಲ" ಅಂದರು ಅಜ್ಜಿ, ಹಿತ್ತಲ ಕಡೆ ನೋಡುತ್ತಾ. ಹಣ್ಣು ಸಿಕ್ಕಿತು ಅನ್ನುವ ಖುಷಿ ಅವರ ಮುಖದಲ್ಲಿ ಕಾಣಲಿಲ್ಲ.

ಕಾರಿನಲ್ಲಿ ಅಮ್ಮ ಕವರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಸೆರಗು ಇನ್ನೂ ಮೀನು ಮೀನು ನಾರುತ್ತಿತ್ತು. ಕಿಟಕಿ ಇಳಿಸಲಾ ಅಂತ ಕೇಳಿದೆ. ಬೇಡ, ಧೂಳು ಬರುತ್ತೆ ಅಂದಳು.