ಪ್ಲಾಸ್ಮಾದಲ್ಲಿ ಡೈಕ್ಲೋಫೆನಾಕ್: ಅಳತೆಗೆ ಮುಂಚಿನ ಕೆಲಸ

ಮಂಡಿನೋವು, ಬೆನ್ನುನೋವು, ಹಲ್ಲುನೋವು ಎಂದವರಿಗೆ ನಮ್ಮ ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಬಹಳ ಪರಿಚಿತವಾದದ್ದು. ಒಂದು ಕಂಪನಿಯ ಹೊಸ ಮಾತ್ರೆಯು ಮೂಲ ಮಾತ್ರೆಯಷ್ಟೇ ಔಷಧವನ್ನು ರಕ್ತಕ್ಕೆ ತಲುಪಿಸುತ್ತದೆಯೇ ಎಂದು ತಿಳಿಯಲು ಆರೋಗ್ಯವಂತ ಸ್ವಯಂಸೇವಕರಿಗೆ ಎರಡನ್ನೂ ಬೇರೆ ಬೇರೆ ಅವಧಿಯಲ್ಲಿ ಕೊಟ್ಟು, ನಿಗದಿತ ವೇಳೆಗಳಲ್ಲಿ ರಕ್ತ ತೆಗೆದು, ಪ್ಲಾಸ್ಮಾದಲ್ಲಿರುವ, ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ದ್ರವಭಾಗದಲ್ಲಿರುವ, ಔಷಧವನ್ನು ಅಳೆಯುತ್ತಾರೆ. ಎರಡು ಮಾತ್ರೆಗಳಿಂದ ಬಂದ ಔಷಧ ಮಟ್ಟಗಳ ಅನುಪಾತದ 90% ವಿಶ್ವಾಸಾರ್ಹ ಮಿತಿಯು (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿಯು) 80 ಮತ್ತು 125 ಪ್ರತಿಶತದ ನಡುವೆ ಬಿದ್ದರೆ ಮಾತ್ರೆ ಸಮಾನವೆಂದು ಒಪ್ಪಲಾಗುತ್ತದೆ. ತೀರ್ಮಾನವೆಲ್ಲವೂ ಈ ಅಳತೆಯನ್ನೇ ನಂಬಿ ನಿಂತಿರುವುದರಿಂದ, ಆ ಅಂಕಿ ಹುಟ್ಟುವ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

50 ಮಿಲಿಗ್ರಾಂ ಮಾತ್ರೆ ನುಂಗಿದ ಮೇಲೆ ಪ್ಲಾಸ್ಮಾದಲ್ಲಿ ಔಷಧದ ಗರಿಷ್ಠ ಮಟ್ಟ ಮಿಲಿಲೀಟರಿಗೆ ಸುಮಾರು ಒಂದೆರಡು ಮೈಕ್ರೋಗ್ರಾಂ. ಅದರ ಅರ್ಧಾಯುಷ್ಯ ಎರಡು ಗಂಟೆಯ ಆಸುಪಾಸಿನಲ್ಲಿರುವುದರಿಂದ ಕೆಲವು ಗಂಟೆಗಳಲ್ಲಿ ಅದು ನ್ಯಾನೋಗ್ರಾಂಗಳಿಗೆ ಇಳಿಯುತ್ತದೆ. ಅದೇ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ 60ರಿಂದ 80 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಸಾಲದೆಂಬಂತೆ ಡೈಕ್ಲೋಫೆನಾಕಿನ ಶೇಕಡಾ 99ಕ್ಕಿಂತ ಹೆಚ್ಚು ಭಾಗ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ.

ಹಾಗಾಗಿ ಅಳತೆಗೆ ಮುಂಚೆ ಔಷಧವನ್ನು ಈ ಪ್ರೋಟೀನಿನಿಂದ ಬಿಡಿಸಬೇಕು. ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದು ಪ್ರೋಟೀನನ್ನು ಗಡ್ಡೆಗಟ್ಟಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳುವುದು ಅತ್ಯಂತ ಸುಲಭದ ಹಾದಿ. ಆದರೆ ಆ ತಿಳಿಯಲ್ಲಿ ಫಾಸ್ಫೋಲಿಪಿಡ್‌ಗಳೆಂಬ ಕೊಬ್ಬಿನ ವಸ್ತುಗಳು ಉಳಿದುಬಿಡುತ್ತವೆ ಮತ್ತು ಅಣುಗಳನ್ನು ಆವೇಶಗೊಳಿಸಿ ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಔಷಧದ ಅಯಾನುಗಳು ರೂಪುಗೊಳ್ಳುವುದನ್ನು ತಡೆಯುತ್ತವೆ. ಆದ್ದರಿಂದ ನಾನು ದ್ರಾವಕ ಬಳಸಿ ಬೇರ್ಪಡಿಸುವ ವಿಧಾನವನ್ನೇ ಮೆಚ್ಚುತ್ತೇನೆ. ಡೈಕ್ಲೋಫೆನಾಕ್ ಒಂದು ದುರ್ಬಲ ಆಮ್ಲ, ಅದರ ಪಿಕೆಎ (ಅಣುಗಳಲ್ಲಿ ಅರ್ಧದಷ್ಟು ಆವೇಶ ಹೊತ್ತಿರುವ ಪಿಎಚ್) ಸುಮಾರು 4, ಪ್ಲಾಸ್ಮಾದ 7.4 ಪಿಎಚ್‌ನಲ್ಲಿ ಅದು ವಿದ್ಯುದಾವೇಶ ಹೊತ್ತು ನೀರಿನ ಪಾಲಾಗಿರುತ್ತದೆ. ಸ್ವಲ್ಪ ಆಮ್ಲ ಸೇರಿಸಿದರೆ ಆವೇಶ ಕಳಚಿಕೊಂಡು ಈಥೈಲ್ ಅಸಿಟೇಟಿನಂಥ ದ್ರಾವಕಕ್ಕೆ ಸಲೀಸಾಗಿ ಹಾದುಹೋಗುತ್ತದೆ. ಬಳಿಕ ಆ ದ್ರಾವಕವನ್ನು ನೈಟ್ರೋಜನ್ ಅನಿಲದಡಿ ಆರಿಸಿ, ಉಳಿದದ್ದನ್ನು ಹೊಸ ದ್ರಾವಣದಲ್ಲಿ ಕರಗಿಸಿಕೊಳ್ಳಬೇಕು. ಆಮ್ಲ ಅತಿಯಾದರೆ, ಅಥವಾ ಬಹಳ ಹೊತ್ತು ಹಾಗೇ ಬಿಟ್ಟರೆ, ಡೈಕ್ಲೋಫೆನಾಕ್ ನೀರಿನ ಅಣುವೊಂದನ್ನು ಕಳೆದುಕೊಂಡು ಉಂಗುರದ ಆಕಾರಕ್ಕೆ ತಿರುಗುತ್ತದೆ ಎಂಬುದನ್ನೂ ನೆನಪಿಡಬೇಕು.

ಮಾಸ್ ಸ್ಪೆಕ್ಟ್ರೋಮೀಟರಿನ ಋಣ ಅಯಾನು ವಿಧಾನದಲ್ಲಿ ಔಷಧ 294 ದ್ರವ್ಯರಾಶಿಯಲ್ಲಿ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು 250 ಆಗುತ್ತದೆ. ಔಷಧದ ಸಂಕೇತವನ್ನು ಹೋಲಿಸಿ ನೋಡಲು ಪ್ರತಿ ಸ್ಯಾಂಪಲಿಗೂ ಒಂದೇ ಪ್ರಮಾಣದಲ್ಲಿ ಸೇರಿಸುವ ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ನಾಲ್ಕು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಡೈಕ್ಲೋಫೆನಾಕನ್ನು ಅನೇಕರು ಬಳಸುತ್ತಾರೆ, ಅದರ ದ್ರವ್ಯರಾಶಿ 298. ತೊಂದರೆ ಇರುವುದು ಇಲ್ಲಿಯೇ. ಡೈಕ್ಲೋಫೆನಾಕಿನಲ್ಲಿ ಎರಡು ಕ್ಲೋರಿನ್ ಪರಮಾಣುಗಳಿವೆ. ಎರಡೂ ಭಾರದ ಕ್ಲೋರಿನ್ ಆಗಿರುವ ಅಣುಗಳು ಸಹಜವಾಗಿಯೇ 298ರಲ್ಲಿ ಬೀಳುತ್ತವೆ, ಮತ್ತು ಅವುಗಳ ಸಂಕೇತ 294ರ ಸುಮಾರು ಹತ್ತನೇ ಒಂದು ಭಾಗದಷ್ಟಿರುತ್ತದೆ. ಔಷಧ ಹೆಚ್ಚಿರುವ ಸ್ಯಾಂಪಲಿನಲ್ಲಿ ಸ್ಟ್ಯಾಂಡರ್ಡಿನ ಎತ್ತರ ಸುಳ್ಳಾಗಿ ಏರಿ, ಅಳತೆಯ ರೇಖೆ ಬಾಗುತ್ತದೆ. ಆರು ಭಾರದ ಇಂಗಾಲವಿರುವ ರೂಪವನ್ನು, ಅಂದರೆ 300 ದ್ರವ್ಯರಾಶಿಯದನ್ನು ಆರಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ನಮ್ಮ ಯಕೃತ್ತು ಡೈಕ್ಲೋಫೆನಾಕಿನ ಒಂದು ಭಾಗಕ್ಕೆ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸಿ ಅಸೈಲ್ ಗ್ಲುಕುರೋನೈಡ್ ಎಂಬ ವಸ್ತುವನ್ನು ಮಾಡುತ್ತದೆ. ಈ ಜೋಡಣೆ ದುರ್ಬಲವಾದದ್ದು: ರಕ್ತ ತೆಗೆದ ನಳಿಕೆ ಮೇಜಿನ ಮೇಲೆ ಬೆಚ್ಚಗೆ ಕುಳಿತರೂ ಸಾಕು, ಅದು ಮುರಿದು ಮತ್ತೆ ಡೈಕ್ಲೋಫೆನಾಕ್ ಆಗಬಲ್ಲದು. ಯಂತ್ರದ ಅಯಾನು ಮೂಲದಲ್ಲಿಯೂ ಅದು ಒಡೆದು 294 ಆಗುವುದರಿಂದ, ಯಂತ್ರಕ್ಕೆ ಮುಂಚೆ ವಸ್ತುಗಳನ್ನು ಬೇರ್ಪಡಿಸುವ ಕಾಲಮ್ಮಿನಲ್ಲಿಯೇ ಎರಡನ್ನೂ ದೂರ ಮಾಡಿರಬೇಕು. ವಿಧಾನದ ಪರೀಕ್ಷೆಗೆ ನಾವು ಬಳಸುವ ಸ್ಯಾಂಪಲುಗಳು ಖಾಲಿ ಪ್ಲಾಸ್ಮಾಕ್ಕೆ ಶುದ್ಧ ಔಷಧ ಬೆರೆಸಿ ಮಾಡಿದವು. ಅವುಗಳಲ್ಲಿ ಗ್ಲುಕುರೋನೈಡ್ ಇರುವುದೇ ಇಲ್ಲ. ಹಾಗಾಗಿ ಎಲ್ಲ ಅಂಕಿಗಳೂ ಬೆರೆಸಿದ ಪ್ರಮಾಣದಿಂದ 15 ಪ್ರತಿಶತದ ಮಿತಿಯೊಳಗೆ ಚೊಕ್ಕವಾಗಿ ಬಂದು, ನಿಜವಾದ ಮನುಷ್ಯರ ಪ್ಲಾಸ್ಮಾದಲ್ಲಿ ಮಾತ್ರ ಅಳತೆ ಹೆಚ್ಚಾಗಿ ಬರುವ ಸಾಧ್ಯತೆಯಿದೆ.

ಇದಕ್ಕಾಗಿಯೇ ಸ್ವಯಂಸೇವಕರ ಕೆಲವು ಸ್ಯಾಂಪಲುಗಳನ್ನು ಇನ್ನೊಂದು ದಿನ ಮತ್ತೆ ಅಳೆಯಬೇಕೆಂದು ಔಷಧ ನಿಯಮಗಳನ್ನು ಏಕರೂಪಗೊಳಿಸುವ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಎಚ್‌ನ 2022ರ ಎಂ10 ಮಾರ್ಗಸೂಚಿ ಹೇಳುತ್ತದೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಾದರೂ ಮೊದಲ ಅಳತೆಯೊಂದಿಗೆ 20 ಪ್ರತಿಶತದೊಳಗೆ ಹೊಂದಬೇಕು. ಒಳ್ಳೆಯ ನಿಯಮವೇ, ಆದರೆ ಮೊದಲ ಅಳತೆಗೆ ಮುಂಚೆಯೇ ಗ್ಲುಕುರೋನೈಡ್ ಮುರಿದಿದ್ದರೆ ಎರಡನೆಯ ಅಳತೆಯೂ ಅದೇ ತಪ್ಪನ್ನು ಹೇಳುತ್ತದೆ. ಖಾಲಿ ಪ್ಲಾಸ್ಮಾಕ್ಕೆ ಗ್ಲುಕುರೋನೈಡನ್ನೇ ಬೆರೆಸಿ, ರಕ್ತ ಸಂಗ್ರಹದಿಂದ ಕೊನೆಯ ಇಂಜೆಕ್ಷನ್‌ವರೆಗಿನ ಪ್ರತಿ ಹಂತದಲ್ಲಿಯೂ ಅದರಿಂದ ಎಷ್ಟು ಡೈಕ್ಲೋಫೆನಾಕ್ ಹುಟ್ಟುತ್ತದೆ ಎಂದು ನೋಡಲೇಬೇಕು. ನಳಿಕೆಗಳನ್ನು ಮಂಜುಗಡ್ಡೆಯಲ್ಲಿಟ್ಟು, ಪ್ಲಾಸ್ಮಾವನ್ನು ತಡಮಾಡದೆ ಬೇರ್ಪಡಿಸಿ, ಹದವಾಗಿ ಆಮ್ಲ ಬೆರೆಸಿ, ಮೈನಸ್ 70 ಡಿಗ್ರಿಯಲ್ಲಿ ಇಡಬೇಕು. ಎಷ್ಟು ಆಮ್ಲ ಹದ ಎಂಬುದನ್ನೂ ಅದೇ ಪರೀಕ್ಷೆಯಲ್ಲಿ ನಿರ್ಧರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗ್ಲುಕುರೋನೈಡನ್ನು ಕಾಯುವ ಆಮ್ಲವೇ ಮಿತಿ ಮೀರಿದರೆ ಡೈಕ್ಲೋಫೆನಾಕನ್ನು ಕೆಡಿಸುತ್ತದೆ.